ಹನ್ನೊಂದು ಸೆಕೆಂಡುಗಳ ಆಚೆ

ಪುಣೆಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ಒಂದು ಬದಿಗೆ ಕಬ್ಬಿನ ಗದ್ದೆ, ಇನ್ನೊಂದು ಬದಿಗೆ ಅರ್ಧ ಎದ್ದು ನಿಂತ ವಸತಿ ಸಂಕೀರ್ಣಗಳಿರುವ ಒಂದು ಬಯಲಿಗೆ ನಾವು ಕೆಲವರು ಭಾನುವಾರಗಳಂದು ಬೆಳಕು ಹರಿಯುವ ಹೊತ್ತಿಗೆ ಹೋಗುತ್ತೇವೆ. ನಮ್ಮಲ್ಲಿ ಇಬ್ಬರು ಕೇಂದ್ರ ಸರ್ಕಾರದ ನೌಕರರು, ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಮತ್ತೊಬ್ಬ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಕಾರಿನ ಹಿಂಬದಿಯಿಂದ ರೆಕ್ಕೆಗಳನ್ನು ಬೇರೆಯಾಗಿ, ಒಡಲನ್ನು ಬೇರೆಯಾಗಿ ಇಳಿಸಿ, ರಬ್ಬರ್ ಬ್ಯಾಂಡುಗಳಿಂದ ಅವೆರಡನ್ನೂ ಬಿಗಿದು, ಬ್ಯಾಟರಿ ಜೋಡಿಸಿ, ಚುಕ್ಕಾಣಿ ಎಡಕ್ಕೆ ಬಲಕ್ಕೆ ಹೊರಳುವುದೇ ಎಂದು ಪರೀಕ್ಷಿಸಿ, ಗಾಳಿಗೆ ಎದುರಾಗಿ ವಿಮಾನವನ್ನು ಬಿಡುತ್ತೇವೆ. ಮೊದಲ ದಿನ ಕಬ್ಬಿನ ಗದ್ದೆಯ ಯಜಮಾನರು ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿ ಮರಾಠಿಯಲ್ಲಿ ಕೇಳಿದ ಪ್ರಶ್ನೆ ಇಷ್ಟೆ: “ಸಾಹೇಬ, ಈ ಖೇಳಣೆ ಆಡುವುದಕ್ಕೆ ಅಷ್ಟು ದೂರದಿಂದ ಬಂದಿರಾ?”

ಖೇಳಣೆ ಎಂದರೆ ಆಟಿಕೆ. ಆ ಮಾತಿನಲ್ಲಿ ಹೀಯಾಳಿಕೆ ಇರಲಿಲ್ಲ; ಕುತೂಹಲವಷ್ಟೇ ಇತ್ತು. ಆದರೂ ಮರಳಿ ಬರುವ ದಾರಿಯುದ್ದಕ್ಕೂ ನಾವು ಅದನ್ನೇ ಚರ್ಚಿಸಿದೆವು. ಮನೆಯವರೂ, ಕಚೇರಿಯ ಸಹೋದ್ಯೋಗಿಗಳೂ ಬಳಸುವುದು ಇದೇ ಮಾತನ್ನು. ದೊಡ್ಡ ವಿಮಾನದ ಅಣಕು ಈ ಸಣ್ಣ ವಿಮಾನ ಎಂಬುದು ಎಲ್ಲರ ತಿಳಿವಳಿಕೆ. ಇತಿಹಾಸದ ಕ್ರಮ ಮಾತ್ರ ಇದಕ್ಕೆ ತಿರುಗುಮುರುಗು. ಮೊದಲು ಹಾರಿದ್ದು ಆಟಿಕೆ. ಮನುಷ್ಯ ಅದರ ಹಿಂದೆ, ಬಹಳ ತಡವಾಗಿ ಹಾರಿದ.

1804ರಲ್ಲಿ ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ ಒಂದು ಕೋಲಿಗೆ ಗಾಳಿಪಟವನ್ನು ರೆಕ್ಕೆಯಾಗಿ ಕಟ್ಟಿ, ಹಿಂದೆ ಹೊರಳಿಸಬಹುದಾದ ಬಾಲವನ್ನು ಸೇರಿಸಿ ಗುಡ್ಡದ ಮೇಲಿಂದ ತೇಲಿಬಿಟ್ಟ. ಇಂದಿಗೂ ವಿಮಾನವೆಂದರೆ ನಮ್ಮ ಕಣ್ಣಿಗೆ ಬರುವ ಆಕಾರ, ಅಂದರೆ ಮುಂದೆ ರೆಕ್ಕೆ, ಹಿಂದೆ ಬಾಲ, ಅಲ್ಲಿ ಮೂಡಿತು. 1848ರಲ್ಲಿ ಚಾರ್ಡ್ ಎಂಬ ಊರಿನಲ್ಲಿ ಜಾನ್ ಸ್ಟ್ರಿಂಗ್‌ಫೆಲೋ ಪುಟ್ಟ ಉಗಿಯಂತ್ರವೊಂದನ್ನು ಹತ್ತು ಅಡಿ ರೆಕ್ಕೆಯ ಮಾದರಿಗೆ ಅಳವಡಿಸಿ, ಪಾಳುಬಿದ್ದ ಲೇಸ್ ಕಾರ್ಖಾನೆಯೊಳಗೆ ಹಾರಿಸಿದನೆಂದು ಹೇಳುತ್ತಾರೆ. ಅದು ನಿಜಕ್ಕೂ ತನ್ನ ಬಲದಿಂದ ಹಾರಿತೇ, ಬರಿದೆ ತೇಲಿತೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಜಗಳಕ್ಕೆ ಎಡೆಯಿಲ್ಲದ ಹಾರಾಟ ನಡೆದದ್ದು 1871ರ ಆಗಸ್ಟ್ 18ರಂದು, ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ.

ಆಲ್ಫಾನ್ಸ್ ಪೆನೋನಿಗೆ ಆಗ ಇಪ್ಪತ್ತೊಂದು ವರ್ಷ. ತಂದೆ ನೌಕಾಪಡೆಯ ದೊಡ್ಡ ಅಧಿಕಾರಿ. ಮಗನಿಗೆ ಸೊಂಟದ ಕಾಯಿಲೆ, ಹಾಗಾಗಿ ನೌಕಾಪಡೆಯ ಬಾಗಿಲು ಮುಚ್ಚಿತು. ಮನೆಯಲ್ಲಿ ಕುಳಿತು ಆತ ಮಾಡಿದ್ದು 16 ಗ್ರಾಂ ತೂಕದ, ಒಂದೂವರೆ ಅಡಿ ರೆಕ್ಕೆಯ ಒಂದು ವಸ್ತುವನ್ನು. ಕಡ್ಡಿಯ ಕೆಳಗೆ ರಬ್ಬರ್ ಎಳೆಗಳು. ಅವನ್ನು ಹುರಿಮಾಡಿ ಬಿಟ್ಟರೆ ಬಾಲದ ತುದಿಯಲ್ಲಿದ್ದ ಪ್ರೊಪೆಲರ್ ತಿರುಗುತ್ತಿತ್ತು. ವಿದ್ವಾಂಸರ ಎದುರಿಗೆ ಅದು 11 ಸೆಕೆಂಡುಗಳ ಕಾಲ ಹಾರಿತು.

ಹನ್ನೊಂದು ಸೆಕೆಂಡು ಎಂದರೆ ಬಸ್ಸಿನ ಬಾಗಿಲಲ್ಲಿ ಚಿಲ್ಲರೆ ಎಣಿಸುವಷ್ಟು ಹೊತ್ತು. ಅದರ ಮಹತ್ವವಿರುವುದು ಅವಧಿಯಲ್ಲಲ್ಲ, ಆ ಅವಧಿಯಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ ಎಂಬುದರಲ್ಲಿ. ಪೆನೋ ರೆಕ್ಕೆಯ ತುದಿಗಳನ್ನು ತುಸು ಮೇಲಕ್ಕೆ ಬಾಗಿಸಿದ್ದ. ವಿಮಾನ ಎಡಕ್ಕೆ ವಾಲಿ ಜಾರತೊಡಗಿದರೆ ಎಡದ ತುದಿಗೆ ಗಾಳಿಯ ಒತ್ತು ಹೆಚ್ಚಿ ತಾನಾಗಿಯೇ ನೆಟ್ಟಗಾಗುತ್ತಿತ್ತು. ಬಾಲದ ಹಲಗೆಯನ್ನು ರೆಕ್ಕೆಗಿಂತ ಕೊಂಚ ಕೆಳಮುಖದ ಕೋನದಲ್ಲಿಟ್ಟಿದ್ದ. ಮೂಗು ಕುಸಿದು ವೇಗ ಹೆಚ್ಚಿದರೆ ಬಾಲವು ಕೆಳಕ್ಕೆ ಅದುಮಿ ಮೂಗನ್ನು ಎತ್ತುತ್ತಿತ್ತು. ಎಡವಿದ್ದನ್ನು ತಾನೇ ತಿದ್ದಿಕೊಳ್ಳುವ ಗುಣವನ್ನು ಮರಕ್ಕೂ ಕಾಗದಕ್ಕೂ ಕಲಿಸಿದ ಮೊದಲಿಗರಲ್ಲಿ ಆತ ಪ್ರಮುಖ. ನಮ್ಮ ಬಯಲಿನಲ್ಲಿ ಹೊಸಬರ ಕೈಗೆ ಕೊಡುವ ವಿಮಾನದಲ್ಲಿ ಇಂದಿಗೂ ಇವೆರಡು ಕೋನಗಳಿರುತ್ತವೆ. ಗಾಬರಿಯಾದಾಗ ಕೈಬಿಟ್ಟುಬಿಡಿ, ಅದೇ ಸರಿಯಾಗುತ್ತದೆ ಎಂದು ನಾವು ಹುಡುಗರಿಗೆ ಹೇಳುವುದು ಪೆನೋನ ಭರವಸೆಯ ಮೇಲೆ.

1876ರಲ್ಲಿ ಗೆಳೆಯ ಗೋಶೋನೊಡನೆ ಆತ ಮನುಷ್ಯರನ್ನು ಹೊರುವ ವಿಮಾನದ ನಕ್ಷೆಗೆ ಪೇಟೆಂಟ್ ಪಡೆದ. ಮಡಚಿಕೊಳ್ಳುವ ಚಕ್ರಗಳು, ಒಂದೇ ಹಿಡಿಯಿಂದ ನಡೆಯುವ ಚುಕ್ಕಾಣಿಗಳು, ಗಾಜಿನ ಮುಚ್ಚಳ, ನೀರಿನ ಮೇಲೂ ಇಳಿಯುವ ಒಡಲು ಎಲ್ಲವೂ ಅದರಲ್ಲಿದ್ದವು. ಹಣ ಕೊಡುವವರು ಮಾತ್ರ ಸಿಗಲಿಲ್ಲ. ವಾಯುನೌಕೆಯ ಖ್ಯಾತಿಯ ಆನ್ರಿ ಜಿಫಾರನ ಬಳಿ ಹೋಗಿ ನಿರಾಶನಾದ ಪೆನೋ, ತನ್ನ ನಕ್ಷೆಗಳನ್ನೆಲ್ಲ ಶವಪೆಟ್ಟಿಗೆಯಾಕಾರದ ಒಂದು ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಅವನ ಮನೆಗೆ ತಲುಪಿಸಿದನೆಂದು ಹೇಳುತ್ತಾರೆ. 1880ರ ಅಕ್ಟೋಬರಿನಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ಅವನಿಗೆ ಮೂವತ್ತು ವರ್ಷ.

ಅದಕ್ಕೆ ಎರಡು ವರ್ಷ ಮೊದಲು, 1878ರಲ್ಲಿ, ಅಮೆರಿಕದ ಮಿಲ್ಟನ್ ರೈಟ್ ಎಂಬ ಪಾದ್ರಿ ಪ್ರವಾಸದಿಂದ ಮನೆಗೆ ಬರುತ್ತ ಮಕ್ಕಳಿಗೊಂದು ಆಟಿಕೆ ತಂದಿದ್ದರು. ಬಿದಿರು, ಬೆಂಡು, ಕಾಗದ, ರಬ್ಬರುಗಳಿಂದಾದ ಆ ಹೆಲಿಕಾಪ್ಟರು ಪೆನೋ ರೂಪಿಸಿದ ಮಾದರಿಯದು. ಹನ್ನೊಂದು ವರ್ಷದ ವಿಲ್ಬರ್, ಏಳು ವರ್ಷದ ಆರ್ವಿಲ್ ಅದನ್ನು ಮುರಿಯುವ ತನಕ ಹಾರಿಸಿದರು. ಮುರಿದ ಮೇಲೆ ತಾವೇ ಮಾಡಿಕೊಂಡರು. ಹಾರುವ ಹುಚ್ಚು ಹಿಡಿದದ್ದು ಆಗಲೇ ಎಂದು ಮುಂದೆ ಆ ಸಹೋದರರೇ ಹೇಳಿಕೊಂಡಿದ್ದಾರೆ. ಪೆನೋನಿಗೆ ಈ ವಿಷಯ ತಿಳಿಯುವ ಅವಕಾಶವೇ ಇರಲಿಲ್ಲ.

ಆಟಿಕೆ ಹಾರಿತೆಂದ ಮಾತ್ರಕ್ಕೆ ಅದನ್ನು ಹಿಗ್ಗಿಸಿದರೆ ವಿಮಾನವಾಗುತ್ತದೆಯೇ? ಈ ಪ್ರಶ್ನೆಗೆ ದುಬಾರಿ ಉತ್ತರ ಪಡೆದವನು ಸ್ಯಾಮ್ಯುಯೆಲ್ ಲ್ಯಾಂಗ್ಲಿ. 1896ರ ಮೇ 6ರಂದು ಅವನ ಉಗಿಯಂತ್ರದ ಮಾದರಿ ಪೊಟೋಮ್ಯಾಕ್ ನದಿಯ ಮೇಲೆ ಸುಮಾರು 1,000 ಮೀಟರು ಹಾರಿತು. ಟೆಲಿಫೋನಿನ ಗ್ರಹಾಂ ಬೆಲ್ ಪಕ್ಕದಲ್ಲೇ ನಿಂತು ಛಾಯಾಚಿತ್ರ ತೆಗೆದ. ಯುದ್ಧ ಇಲಾಖೆ 50,000 ಡಾಲರು ಕೊಟ್ಟಿತು. ಅದೇ ಆಕಾರವನ್ನು ದೊಡ್ಡದು ಮಾಡಿ, ಮನುಷ್ಯನನ್ನು ಕೂರಿಸಿ 1903ರಲ್ಲಿ ಎರಡು ಬಾರಿ ಬಿಟ್ಟರೆ ಎರಡು ಬಾರಿಯೂ ನೇರ ನದಿಗೆ ಬಿತ್ತು. ಎರಡನೆಯದು ಬಿದ್ದ ಒಂಬತ್ತನೆಯ ದಿನ ರೈಟ್ ಸಹೋದರರು ಹಾರಿದರು. ಉದ್ದವನ್ನು ಎರಡು ಪಟ್ಟು ಮಾಡಿದರೆ ರೆಕ್ಕೆಯ ವಿಸ್ತಾರ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಇಲ್ಲಿ ಗಲಿವರನ ನೆನಪಾಗುವುದು ಸಹಜ. ತಮಗಿಂತ ಹನ್ನೆರಡು ಪಟ್ಟು ಎತ್ತರದವನಿಗೆ ಎಷ್ಟು ಊಟ ಬೇಕೆಂದು ಲಿಲಿಪುಟ್ಟಿನ ಗಣಿತಜ್ಞರು ಘನದ ಲೆಕ್ಕ ಹಾಕಿದರಲ್ಲವೆ? ಸ್ವಿಫ್ಟ್ ತಮಾಷೆಗೆ ಬರೆದದ್ದನ್ನು ಲ್ಯಾಂಗ್ಲಿ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಮಹಾರಾಷ್ಟ್ರದಲ್ಲಿದ್ದುಕೊಂಡು ಈ ವಿಷಯ ಮಾತನಾಡುವಾಗ 1895ರ ಮುಂಬಯಿ ಚೌಪಾಟಿಯ ಹೆಸರು ಬಂದೇ ಬರುತ್ತದೆ. ಶಿವಕರ ಬಾಪೂಜಿ ತಳಪದೆಯವರು ಅಲ್ಲಿ ಚಾಲಕನಿಲ್ಲದ ವಿಮಾನ ಹಾರಿಸಿದರು ಎಂಬ ಪ್ರತೀತಿಗೆ ನಂಬಲರ್ಹವಾದ ಸಮಕಾಲೀನ ಪುರಾವೆ ದೊರೆತಿಲ್ಲ. ಇದರೊಡನೆ ಹೆಣೆದುಕೊಂಡಿರುವ ‘ವೈಮಾನಿಕ ಶಾಸ್ತ್ರ’ ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದಲ್ಲಿ ಹೇಳಿ ಬರೆಯಿಸಿದ್ದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅದರ ಭಾಷೆಯನ್ನೂ ನಕ್ಷೆಗಳನ್ನೂ ಶೋಧಿಸಿ, ಅದು ಪುರಾತನವಲ್ಲ, ಅದರಲ್ಲಿರುವ ಯಾವ ವಿಮಾನವೂ ಹಾರಲಾರದು ಎಂದು ತೋರಿಸಿದರು. ಹದಿನಾರು ಗ್ರಾಂ ತೂಕದ್ದನ್ನು ನಾಲ್ಕು ಜನರ ಎದುರಿಗೆ ಹಾರಿಸಿ ತೋರಿಸಿದವನ ಬಗ್ಗೆ ನಮಗಿರುವ ಗೌರವ ಆ ಭಾರಿ ಗ್ರಂಥದ ಬಗ್ಗೆ ಹುಟ್ಟುವುದಿಲ್ಲ. ಸ್ನೇಹಿತರೊಡನೆ ಈ ಕಾರಣಕ್ಕೆ ಮನಸ್ತಾಪವಾಗಿರುವುದೂ ಉಂಟು.

ಮನುಷ್ಯ ಹಾರಿದ ಬಳಿಕ ಮಾದರಿ ವಿಮಾನ ಹವ್ಯಾಸಿಗಳ ಪಾಲಾಯಿತು. ಈಕ್ವೆಡಾರಿನ ಬಾಲ್ಸಾ ಮರ ಬಂತು. ಬ್ಲೇಡಿನಿಂದ ಕೊಯ್ಯಬಹುದಾದಷ್ಟು ಮೃದು, ಹಿಡಿದರೆ ಕೈಯಲ್ಲಿದೆ ಎಂಬುದೇ ತಿಳಿಯದಷ್ಟು ಹಗುರ. ಅದರ ಪಟ್ಟಿಗಳನ್ನು ನಕ್ಷೆಯ ಮೇಲೆ ಗುಂಡುಪಿನ್ನಿನಿಂದ ಚುಚ್ಚಿ ಅಂಟಿಸಿ, ಮೇಲೆ ಟಿಶ್ಯೂ ಕಾಗದ ಹೊದಿಸಿ, ‘ಡೋಪ್’ ಬಳಿದರೆ ಕಾಗದ ಒಣಗುತ್ತ ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ತೊಂಬತ್ತರ ದಶಕದಲ್ಲಿ ಕಾಲೇಜಿನ ಎನ್‌ಸಿಸಿ ವಾಯು ವಿಭಾಗದಲ್ಲಿದ್ದಾಗ ನಾವು ಕಲಿತ ಮೊದಲ ವಿದ್ಯೆ ಇದು. ಡೋಪ್ ಮತ್ತು ಉಗುರುಬಣ್ಣ ರಾಸಾಯನಿಕವಾಗಿ ದಾಯಾದಿಗಳು. ಹಾಗಾಗಿ ಇಂದಿಗೂ ಯಾರಾದರೂ ಉಗುರಿಗೆ ಬಣ್ಣ ಹಚ್ಚಿಕೊಂಡರೆ ನಮಗೆ ಆ ಶೆಡ್ಡಿನ ನೆನಪು ಬರುತ್ತದೆ. ಕೈಯಿಂದ ಎಸೆಯುವ ನಮ್ಮ ಗ್ಲೈಡರು ಎಂಟು ಸೆಕೆಂಡು ಹಾರಿತ್ತು. ಪೆನೋನ ಹೆಸರನ್ನೇ ಕೇಳಿರದ ನಾವು ಅದಕ್ಕೇ ಕುಣಿದಾಡಿದ್ದೆವು.

1930ರ ದಶಕದಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಪೆಟ್ರೋಲ್ ಎಂಜಿನುಗಳು ಬಂದಾಗ ಹೊಸ ತೊಂದರೆ ಹುಟ್ಟಿತು. ರಬ್ಬರಿನ ಹುರಿ ಬೇಗ ಬಿಚ್ಚಿಕೊಳ್ಳುತ್ತದೆ, ಎಂಜಿನು ನಿಲ್ಲುವುದಿಲ್ಲ. ಬಿಸಿಗಾಳಿಯ ಕಂಬಕ್ಕೆ ಸಿಕ್ಕ ವಿಮಾನ ಮೇಲೇರಿ, ಚುಕ್ಕೆಯಾಗಿ, ಮುಂದಿನ ಜಿಲ್ಲೆಗೆ ಹೋಗಿಬಿಡುತ್ತಿತ್ತು. ಚೆನ್ನಾಗಿ ಹಾರಿದಷ್ಟೂ ಕಳೆದುಕೊಳ್ಳುವ ಭಯ. ನೆಲದಲ್ಲಿ ನಿಂತವನ ಮಾತನ್ನು ಅದು ಕೇಳುವಂತೆ ಮಾಡುವುದು ಹೇಗೆ?

ಉತ್ತರದ ಬೀಜ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದ ತಿರುಗಿಸಿ ತೋರಿಸಿದ್ದ. ದೋಣಿಗೆ ಭಾರ ಹೊರೆಯಲ್ಲ, ವಿಮಾನಕ್ಕೆ ಭಾರವೇ ಶತ್ರು. ಅದನ್ನು ಗೆದ್ದವರು ಮಿಶಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸಹೋದರರು, ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. ಒಬ್ಬನಿಗೆ ವಿಮಾನದ ಹುಚ್ಚು, ಇನ್ನೊಬ್ಬನಿಗೆ ಹ್ಯಾಂ ರೇಡಿಯೋದ್ದು; ಇಬ್ಬರೂ ಭೌತಶಾಸ್ತ್ರದ ವಿದ್ಯಾರ್ಥಿಗಳು. 1937ರಲ್ಲಿ ಅವರ ಎಂಟು ಅಡಿ ರೆಕ್ಕೆಯ ‘ಗಫ್’ ರೇಡಿಯೋದ ಮಾತು ಕೇಳುತ್ತ ಹಾರಿತು. ಅದೀಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಕ್ಕೆ ಸೇರಿದೆ.

ಅಂದಿನ ನಿಯಂತ್ರಣವೆಂದರೆ ಇಂದಿನ ಹಾಗೆ ಕೋಲು ಸರಿಸಿದಷ್ಟು ಚುಕ್ಕಾಣಿ ಸರಿಯುವುದಲ್ಲ. ಆ ಕಾಲದಿಂದ ಮೊದಲ್ಗೊಂಡು ಎರಡು ಮೂರು ದಶಕಗಳ ಕಾಲ ಸಾಮಾನ್ಯ ಹವ್ಯಾಸಿಯ ಬಳಿ ಇದ್ದದ್ದು ಒಂದೇ ಗುಂಡಿ. ವಿಮಾನದ ಒಡಲೊಳಗೆ ಹುರಿಮಾಡಿದ ರಬ್ಬರು ಒಂದು ಪುಟ್ಟ ಕೊಕ್ಕೆಯನ್ನು ತಿರುಗಿಸಲು ಕಾಯುತ್ತಿರುತ್ತದೆ. ಅದನ್ನು ತಡೆದು ಹಿಡಿದಿರುವುದು ವಿದ್ಯುತ್ಕಾಂತ. ನೆಲದಲ್ಲಿ ಗುಂಡಿ ಒತ್ತಿದರೆ ತಡೆ ಸಡಿಲಿ ಕೊಕ್ಕೆ ಕಾಲು ಸುತ್ತು ತಿರುಗುತ್ತದೆ, ಚುಕ್ಕಾಣಿ ಬಲಕ್ಕೆ. ಬಿಟ್ಟರೆ ಮತ್ತೆ ಕಾಲು ಸುತ್ತು, ಚುಕ್ಕಾಣಿ ನೇರ. ಮತ್ತೊಮ್ಮೆ ಒತ್ತಿದರೆ ಎಡಕ್ಕೆ. ಕಳೆದ ಸಲ ಯಾವ ಕಡೆ ತಿರುಗಿಸಿದ್ದೆ ಎಂಬುದನ್ನು ಹಾರಿಸುವವನು ನೆನಪಿಟ್ಟುಕೊಳ್ಳಬೇಕು. ಎಣಿಕೆ ತಪ್ಪಿದರೆ ಬಲಕ್ಕೆ ಬೇಕಾದಲ್ಲಿ ಎಡ. ರಬ್ಬರಿನ ಹುರಿ ಮುಗಿದರೆ ಎಡವೂ ಇಲ್ಲ, ಬಲವೂ ಇಲ್ಲ. ಪೆನೋನ ರಬ್ಬರು ಪ್ರೊಪೆಲರನ್ನು ಬಿಟ್ಟು ಚುಕ್ಕಾಣಿಗೆ ವರ್ಗವಾಗಿ ಬಂದಿತ್ತು ಎನ್ನಬಹುದು. ನಮ್ಮ ಇಲಾಖೆಯಲ್ಲೂ ಕೆಲವರಿಗೆ ಹೀಗೆಯೇ ಆಗುತ್ತದೆ.

ಅರವತ್ತರ ದಶಕದಲ್ಲಿ ಟ್ರಾನ್ಸಿಸ್ಟರುಗಳ ದೆಸೆಯಿಂದ ಕೋಲಿಗೆ ತಕ್ಕಂತೆ ಬಾಗುವ ಸರ್ವೋಗಳು ಬಂದವು. ಆದರೆ ಬಲ ಎಡಗಳ ಗೊಂದಲ ಯಂತ್ರದಿಂದ ಮನುಷ್ಯನಿಗೆ ದಾಟಿತು. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲವೂ ನಮ್ಮ ಬಲವೂ ಒಂದೇ. ಅದು ತಿರುಗಿ ನಮ್ಮತ್ತ ಬರುವಾಗ ತಿರುಗುಮುರುಗು. ನಾವು ಆರು ವಾರ ಬಾಲ್ಸಾ ಕೊಯ್ದು ಕಟ್ಟಿದ ಮೊದಲ ವಿಮಾನ ಮೂರನೆಯ ಭಾನುವಾರವೇ ಈ ಕಾರಣಕ್ಕೆ ನೆಲಕ್ಕೆ ಮೂಗು ಚುಚ್ಚಿತು. ಕೆಳಕ್ಕೆ ವಾಲಿದ ರೆಕ್ಕೆಯ ಕಡೆಗೇ ಕೋಲನ್ನು ತಳ್ಳು, ಊರುಗೋಲು ಕೊಟ್ಟಂತೆ ಎಂಬ ಹಳಬರ ಸೂತ್ರವನ್ನು ನಿವೃತ್ತ ಬ್ಯಾಂಕ್ ಅಧಿಕಾರಿಗಳು ಆಮೇಲೆ ಹೇಳಿಕೊಟ್ಟರು. ಮೊದಲೇ ಹೇಳಬಹುದಿತ್ತಲ್ಲ ಎಂದರೆ, ಮುರಿದ ಮೇಲಷ್ಟೇ ಅದು ತಲೆಗೆ ಹೋಗುವುದು ಎಂದರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟು ಬರೆದರೆ ಅಪ್ರಾಮಾಣಿಕವಾದೀತು. ಹಾಲಿವುಡ್ಡಿನಲ್ಲಿ ನಟನಾಗಿದ್ದ ಆಂಗ್ಲ ರೆಜಿನಾಲ್ಡ್ ಡೆನ್ನಿಗೆ ಮಾದರಿ ವಿಮಾನಗಳ ಗೀಳು. ಮೂವತ್ತರ ದಶಕದಲ್ಲಿ ಅವುಗಳ ಅಂಗಡಿಯನ್ನೇ ತೆರೆದ. ಫಿರಂಗಿ ಹೊಡೆಯುವವರು ಗುರಿ ಕಲಿಯಲು ರೇಡಿಯೋ ವಿಮಾನಗಳನ್ನು ಬಳಸಬಹುದೆಂದು ಅಮೆರಿಕದ ಸೇನೆಗೆ ಒಪ್ಪಿಸಿದವನು ಅವನೇ. ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ ಅವನ ರೇಡಿಯೋಪ್ಲೇನ್ ಕಂಪನಿಯ ವಿನ್ಯಾಸದ ಸುಮಾರು 15,000 ವಿಮಾನಗಳು ತಯಾರಾದವು. ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಾರ್ಮಾ ಜೀನ್ ಎಂಬ ತರುಣಿಯ ಚಿತ್ರವನ್ನು ಸೇನೆಯ ಛಾಯಾಗ್ರಾಹಕನೊಬ್ಬ 1945ರಲ್ಲಿ ತೆಗೆದ. ಆಕೆ ಮುಂದೆ ಮರ್ಲಿನ್ ಮನ್ರೋ ಆದಳು. ಅದಕ್ಕೂ ಮೊದಲು, 1935ರಲ್ಲಿ, ಬ್ರಿಟನ್ ತನ್ನ ಟೈಗರ್ ಮಾತ್ ವಿಮಾನವನ್ನು ಚಾಲಕನಿಲ್ಲದ ಗುರಿಯಾಗಿ ಮಾರ್ಪಡಿಸಿ ‘ಕ್ವೀನ್ ಬೀ’ ಎಂದು ಕರೆದಿತ್ತು. ರಾಣಿಜೇನಿನ ಜೊತೆಗಾರ ಗಂಡುಜೇನಿಗೆ ಇಂಗ್ಲಿಷಿನಲ್ಲಿ ‘ಡ್ರೋನ್’ ಎನ್ನುತ್ತಾರೆ. ಇಂದಿನ ಆ ಶಬ್ದ ಹುಟ್ಟಿದ್ದು ಇಲ್ಲಿಂದ ಎಂದು ಹಲವರ ಮತ. ಗುಡ್ ಸಹೋದರರಲ್ಲಿ ವಾಲ್ಟರ್ ಯುದ್ಧಕಾಲದಲ್ಲಿ ಜಾನ್ಸ್ ಹಾಪ್ಕಿನ್ಸ್ ಪ್ರಯೋಗಾಲಯ ಸೇರಿ, ಗುರಿಯ ಸಮೀಪಕ್ಕೆ ಹೋದಾಗ ತಾನೇ ಸಿಡಿಯುವ ಗುಂಡಿನ ರೇಡಿಯೋ ತಯಾರಿಕೆಯಲ್ಲಿ ದುಡಿದ. ನಮ್ಮ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ‘ಲಕ್ಷ್ಯ’ವೂ ಇದೇ ವಂಶದ್ದು, ಹೆಸರೇ ಹೇಳುವಂತೆ ಹೊಡೆಸಿಕೊಳ್ಳಲೆಂದು ಹುಟ್ಟಿದ ವಿಮಾನ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ ಈಗ ಅದರ ಮುಂದಿನ ಪೀಳಿಗೆಗಳ ಪರೀಕ್ಷೆ ನಡೆಯುತ್ತದೆ.

ಆಟಿಕೆಯನ್ನು ಸೇನೆ ಗಂಭೀರವಾಗಿ ಪರಿಗಣಿಸಿದ್ದರಿಂದಲೇ ಸರ್ಕಾರಗಳೂ ಪರಿಗಣಿಸಿದವು. ನಮ್ಮಲ್ಲಿ 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ನಿಸ್ತಂತು ಉಪಕರಣವನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ರೇಡಿಯೋ ವಿಮಾನ ಹಾರಿಸಬೇಕೆಂದವನು ಮೊದಲು ಅರ್ಜಿ ಹಾರಿಸಬೇಕಿತ್ತು. ಕಡತಗಳ ನಡುವೆಯೇ ಇಪ್ಪತ್ತು ವರ್ಷ ಕಳೆದ ನಾವು ಆ ನಿಯಮದ ಹಿಂದಿನ ಭಯವನ್ನು ಹಾಸ್ಯ ಮಾಡಲಾರೆವು. ಅರ್ಜಿದಾರನ ಭಯವನ್ನೂ ಬಲ್ಲೆವು. 2005ರಲ್ಲಿ 27 ಮೆಗಾಹರ್ಟ್ಸ್ ಮತ್ತು 2.4 ಗಿಗಾಹರ್ಟ್ಸ್ ಪಟ್ಟಿಗಳಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯ ಅಗತ್ಯ ತಪ್ಪಿತು. ಇವುಗಳಲ್ಲಿ ಎರಡನೆಯದು ಬಂದ ಮೇಲೆ ಮೈದಾನದ ಒಂದು ಹಳೆಯ ಆಚಾರವೂ ಹೋಯಿತು. ಮುಂಚೆ ಒಂದೇ ಚಾನೆಲ್ಲಿನಲ್ಲಿ ಇಬ್ಬರು ಸ್ವಿಚ್ಚು ಹಾಕಿದರೆ ಗಾಳಿಯಲ್ಲಿದ್ದ ವಿಮಾನ ದಿಕ್ಕೆಟ್ಟು ಬೀಳುತ್ತಿತ್ತು. ಆದ್ದರಿಂದ ಹಲಗೆಯೊಂದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿ, ತನ್ನ ಚಾನೆಲ್ಲಿನ ಕ್ಲಿಪ್ಪು ಕೈಯಲ್ಲಿದ್ದವನು ಮಾತ್ರ ಟ್ರಾನ್ಸ್‌ಮಿಟರ್ ಮುಟ್ಟಬೇಕು ಎಂಬ ಕಟ್ಟಳೆ. 2021ರ ಡ್ರೋನ್ ನಿಯಮಗಳು 25 ಕಿಲೋ ಮೀರದ, ಕಣ್ಣಳತೆಯಲ್ಲಿ ಹಾರುವ ಹವ್ಯಾಸಿ ಮಾದರಿಗಳನ್ನು ಪ್ರತ್ಯೇಕವಾಗಿ ಹೆಸರಿಸಿವೆ. ದೇಶದ ಭೂಪಟಕ್ಕೆ ಹಸಿರು, ಹಳದಿ, ಕೆಂಪು ಬಳಿದಿವೆ. ನಿಯಮ ಈಗ ಸ್ಪಷ್ಟವಿದೆ. ಹಸಿರು ಬಳಿದ ಜಾಗದಲ್ಲಿ ಖಾಲಿ ನೆಲ ಉಳಿದಿರಬೇಕು, ಅಷ್ಟೆ.

ನಮ್ಮ ಬಯಲಿನಲ್ಲಿ ಕಳೆದ ತಿಂಗಳು ಕೆಂಪು ಬಣ್ಣ ಹಚ್ಚಿದ ಸರ್ವೆ ಗೂಟಗಳು ಕಾಣಿಸಿಕೊಂಡವು. ಅದನ್ನು ನೋಡಿ ಬಂದ ರಾತ್ರಿ ನಾವು ಓದಿದ್ದು ಮೇನಾರ್ಡ್ ಹಿಲ್ ಎಂಬಾತನ ಕಥೆಯನ್ನು.

ವಾಲ್ಟರ್ ಗುಡ್ ಇದ್ದ ಅದೇ ಜಾನ್ಸ್ ಹಾಪ್ಕಿನ್ಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದ ಹಿಲ್‌ಗೆ ಎಪ್ಪತ್ತು ದಾಟಿದ ಮೇಲೆ ಅಟ್ಲಾಂಟಿಕ್ ಸಾಗರವನ್ನು ಮಾದರಿ ವಿಮಾನದಿಂದ ದಾಟಿಸುವ ಹಟ ಹುಟ್ಟಿತು. ಕಣ್ಣು ಬಹುಮಟ್ಟಿಗೆ ಹೋಗಿತ್ತು, ಕಿವಿಯೂ ಮಂದವಾಗಿತ್ತು. ದಾಖಲೆಯ ನಿಯಮದಂತೆ ಇಂಧನ ಸೇರಿ ತೂಕ 5 ಕಿಲೋ ಮೀರಕೂಡದು. ಬಾಲ್ಸಾ ಮರವನ್ನು ಕೈಯ ಸ್ಪರ್ಶದಿಂದಲೇ ಅಳೆದು ಕಟ್ಟಿದ. 2002ರಲ್ಲಿ ಬಿಟ್ಟ ವಿಮಾನಗಳೆಲ್ಲ ಸಮುದ್ರದ ಪಾಲಾದವು. 2003ರ ಆಗಸ್ಟ್ 9ರಂದು ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರಿನಿಂದ ಐದನೆಯದನ್ನು ಬಿಟ್ಟರು. ಕಣ್ಣಿನಿಂದ ಮರೆಯಾಗುವವರೆಗೆ ಮನುಷ್ಯ ನಡೆಸಿದ, ಆಮೇಲೆ ಉಪಗ್ರಹಗಳ ಸಂಕೇತ ಹಿಡಿದು ಅದು ತಾನೇ ನಡೆಯಿತು. ನಡುಗಡಲಿನಲ್ಲಿ ಗಂಟೆಗಟ್ಟಲೆ ಸುದ್ದಿಯೇ ಇಲ್ಲ. 38 ಗಂಟೆ 52 ನಿಮಿಷಗಳ ಬಳಿಕ, 3,000 ಕಿಲೋಮೀಟರು ಮೀರಿದ ದಾರಿ ಸವೆಸಿ ಆಗಸ್ಟ್ 11ರಂದು ಐರ್ಲೆಂಡಿನ ಮ್ಯಾನಿನ್ ಕಡಲತೀರದ ಮೇಲೆ ಕಾಣಿಸಿಕೊಂಡಿತು. 1919ರಲ್ಲಿ ಅಲ್ಕಾಕ್ ಮತ್ತು ಬ್ರೌನ್ ಮೊದಲ ಬಾರಿಗೆ ಎಲ್ಲೂ ತಂಗದೆ ಅಟ್ಲಾಂಟಿಕ್ ದಾಟಿ ಇಳಿದದ್ದು ಅಲ್ಲಿಗೆ ಸಮೀಪದಲ್ಲೇ. ತೀರದಲ್ಲಿ ಕಾದಿದ್ದ ಡೇವ್ ಬ್ರೌನ್ ಟ್ರಾನ್ಸ್‌ಮಿಟರ್ ಹಿಡಿದು ಅದನ್ನು ಇಳಿಸಿದ. ತೊಟ್ಟಿಯಲ್ಲಿ ಉಳಿದಿದ್ದ ಇಂಧನ ಅತ್ಯಲ್ಪ.

ಆ ವಿಮಾನಕ್ಕೆ ಹಿಲ್ ಇಟ್ಟ ಹೆಸರು ‘ಸ್ಪಿರಿಟ್ ಆಫ್ ಬಟ್ಸ್ ಫಾರ್ಮ್’. ಬಟ್ಸ್ ಎಂಬುವರು ಮೇರಿಲೆಂಡಿನ ಒಂದು ಹೊಲದ ಯಜಮಾನರು. ಹಾರಿಸಲು ಜಾಗವಿಲ್ಲದ ಈ ಮುದುಕರ ಗುಂಪಿಗೆ ಪರೀಕ್ಷೆ ನಡೆಸಲು ತಮ್ಮ ನೆಲ ಬಿಟ್ಟುಕೊಟ್ಟವರು ಅವರು.

ಮುಂದಿನ ಭಾನುವಾರ ಗೂಟಗಳ ವಿಷಯವನ್ನು ನಾವು ಕಬ್ಬಿನ ಗದ್ದೆಯ ಯಜಮಾನರ ಬಳಿ ಪ್ರಸ್ತಾಪಿಸಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ಕಟಾವು ಆದ ಮೇಲೆ ಒಂದಷ್ಟು ದಿನ ತಮ್ಮ ಗದ್ದೆ ಬರಿದಾಗಿಯೇ ಇರುತ್ತದೆ, ಬೇಕಿದ್ದರೆ ಅಲ್ಲಿಗೆ ಬನ್ನಿ ಎಂದರು. ಕಬ್ಬಿನ ಕೂಳೆಯ ಮೇಲೆ ಚಕ್ರ ಓಡುವುದಿಲ್ಲ. ಚಕ್ರ ಬಿಚ್ಚಿ, ಕೈಯಿಂದ ಎಸೆದು ಹಾರಿಸಿ, ಹೊಟ್ಟೆಯ ಮೇಲೆ ಇಳಿಸುವುದಾದರೆ ಆದೀತೆಂದು ಬ್ಯಾಂಕ್ ಅಧಿಕಾರಿಗಳು ಹೇಳಿದ್ದಾರೆ. ಹೊಟ್ಟೆಯ ಕೆಳಗೆ ಹಚ್ಚಲು ಎರಡು ಮಿಲಿಮೀಟರಿನ ಪ್ಲೈವುಡ್ಡು ತರಿಸಿಟ್ಟಿದ್ದೇವೆ.